ಎಕ್ಸಿಮಾ, ಮರೆವಿನ ಕಾಯಿಲೆ ಮತ್ತು ಆ 27ರ ಲೆಕ್ಕ

“ಎಕ್ಸಿಮಾ ಇರುವ ನೂರು ಜನರಲ್ಲಿ 27 ಮಂದಿಗೆ ಮರೆವಿನ ಕಾಯಿಲೆ ಗ್ಯಾರಂಟಿ” ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎಕ್ಸಿಮಾ ಎಂದರೆ ಚರ್ಮ ಉರಿಯೂತಗೊಂಡು ವಿಪರೀತ ತುರಿಸುವ ದೀರ್ಘಕಾಲದ ಕಾಯಿಲೆ. ಅಂಕಿ ಹುಟ್ಟಿಸಿಕೊಂಡದ್ದಲ್ಲ, ಆದರೆ ಅದನ್ನು ಓದಿದ ರೀತಿ ಪೂರ್ತಿ ತಪ್ಪು.

ಅದು ಬ್ರಿಟನ್ನಿನ ಅಧ್ಯಯನವೊಂದರದು. 60ರಿಂದ 99 ವರ್ಷದೊಳಗಿನ 17 ಲಕ್ಷಕ್ಕೂ ಹೆಚ್ಚು ಜನರ ವೈದ್ಯಕೀಯ ದಾಖಲೆಗಳನ್ನು ಅಲ್ಲಿ ಪರಿಶೀಲಿಸಿದ್ದರು. ಎಕ್ಸಿಮಾ ಇಲ್ಲದ 10,000 ಜನರಲ್ಲಿ ವರ್ಷಕ್ಕೆ 44 ಮಂದಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಕಾಣಿಸಿಕೊಂಡರೆ, ಇದ್ದವರಲ್ಲಿ 57 ಮಂದಿಗೆ. ಬೇರೆ ಅಂಶಗಳನ್ನು ಸರಿದೂಗಿಸಿದ ಮೇಲೆ ಅಪಾಯ ಶೇ 27ರಷ್ಟು ಹೆಚ್ಚೆಂದು ಬಂತು. ಅಂದರೆ ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಸುಮಾರು ಹದಿಮೂರು ಮಂದಿ ಜಾಸ್ತಿ, ಅದೂ ಇಳಿವಯಸ್ಸಿನವರಲ್ಲಿ. ಫಾರ್ವರ್ಡ್ ಮಾಡಿದವರು ವಯಸ್ಸಿನ ಮಾತನ್ನೇ ನುಂಗಿಬಿಟ್ಟಿದ್ದಾರೆ.

ಇನ್ನು, ಎರಡೂ ಒಟ್ಟಿಗೆ ಕಂಡವು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗದು. ದೀರ್ಘಕಾಲದ ಉರಿಯೂತ ಮೆದುಳಿಗೂ ತೊಂದರೆ ಕೊಡಬಹುದೆಂಬ ಶಂಕೆ ವಿಜ್ಞಾನಿಗಳಿಗೆ ಇದೆ, ನಿಜ. ಆದರೆ ರಾತ್ರಿಯಿಡೀ ತುರಿಸಿಕೊಂಡು ನಿದ್ದೆಗೆಟ್ಟವರ ಗಮನಶಕ್ತಿ ಹೇಗೂ ಕುಂದುತ್ತದೆ. ಉರಿಯೂತದ ಇನ್ನೊಂದು ಚರ್ಮರೋಗವಾದ ಸೋರಿಯಾಸಿಸ್‌ಗೂ ಮರೆವಿಗೂ ನಂಟಿದೆಯೇ ಎಂದು ನೋಡಿದ ಅಧ್ಯಯನಗಳಂತೂ ಒಂದೇ ಉತ್ತರ ಕೊಟ್ಟಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಅವರ ತುರಿಕೆ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಹೈಡ್ರಾಕ್ಸಿಜಿನ್, ಕ್ಲೋರ್ಫೆನಿರಮೈನ್‌ನಂಥ ಹಳೆಯ ಔಷಧಗಳು ಮಂಪರು ತರುತ್ತವೆ, ಇಳಿವಯಸ್ಸಿನಲ್ಲಿ ಗೊಂದಲವನ್ನೂ ಉಂಟುಮಾಡುತ್ತವೆ. ಬದಲಿ ಇದೆಯೇ ಎಂದು ವೈದ್ಯರನ್ನೇ ಕೇಳಿ. ಸಂದೇಶಕ್ಕೆ ಹೆದರಿ ಮುಲಾಮು, ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.