ಹುಣಸೆಹಣ್ಣಿಗೆ ಸಿಕ್ಕಿದ ಚಿಕಾಗೋ

ಯಾರೋ ಕೆಡಿಸಿಟ್ಟ ಒಂದು ಸೆಂಟಿನ ನಾಣ್ಯಕ್ಕೆ, ಅಂದರೆ ಪೆನ್ನಿಗೆ, ಡಾಲರುಗಟ್ಟಲೆ ಸುರಿಯುವವರನ್ನು ನೋಡಬೇಕೆಂದರೆ ನ್ಯೂಜೆರ್ಸಿಯ ನಮ್ಮ ಮನೆಗೆ ಬನ್ನಿ. ಎರಡು ಉಕ್ಕಿನ ಉರುಳೆಗಳ ನಡುವೆ ಪೆನ್ನಿ ತೂರಿಸಿ ಹಿಡಿ ತಿರುಗಿಸಿದರೆ ಅದು ಉದ್ದಕ್ಕೆ ಚಪ್ಪಟೆಯಾಗಿ, ಮೈಮೇಲೆ ಚಿತ್ರವೋ ಅಕ್ಷರವೋ ಒತ್ತಿಸಿಕೊಂಡು ಹೊರಬರುತ್ತದೆ. ಅಮೆರಿಕದಲ್ಲಿ ಈ ಹುಚ್ಚು ಶುರುವಾದದ್ದು 1893ರ ಚಿಕಾಗೋ ವಿಶ್ವಮೇಳದಲ್ಲಿ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿ ನಡೆದದ್ದು. ಮನೆಯಲ್ಲಿ ಜಗಳವಾದಾಗ ನಾನು ಹೂಡುವ ವಾದ ಇದೊಂದೇ.

"ಅವರು ಭಾಷಣ ಮಾಡಿದ್ರು ರೀ, ಕಾಸು ಜಜ್ಜಲಿಲ್ಲ" ಅನ್ನುತ್ತಾಳೆ ಹೆಂಡತಿ.

ಆಮೇಲೆ 1901ರ ಬಫಲೋ, 1904ರ ಸೇಂಟ್ ಲೂಯಿಸ್, 1939ರ ನ್ಯೂಯಾರ್ಕ್ ಮೇಳಗಳಲ್ಲೂ ಜನ ಕಾಸು ಒತ್ತಿಸಿಕೊಂಡರು. ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋದರೂ ನನ್ನ ಕಣ್ಣು 1964ರ ಮೇಳ ನಡೆದ ಹತ್ತಿರದ ಪಾರ್ಕಿನ ಕಡೆಗೇ. ಮೇಳದ 140 ಅಡಿ ಎತ್ತರದ ಉಕ್ಕಿನ ಭೂಗೋಳ ಇನ್ನೂ ಅಲ್ಲೇ ನಿಂತಿದೆ. ಮನೆಯವರಿಗೆ ಮಾತ್ರ ಗುಡಿಯ ಕ್ಯಾಂಟೀನಿನ ದೋಸೆಯೇ ಜಗತ್ತು.

ಈಗಲೂ ಮ್ಯೂಸಿಯಂ, ಮೃಗಾಲಯಗಳಲ್ಲಿ ಈ ಯಂತ್ರಗಳಿವೆ. ಆದರೆ 1982ರ ನಂತರದ ಪೆನ್ನಿ ಹಾಕಬಾರದು. ಅದರ ಹೊಟ್ಟೆಯೆಲ್ಲ ಸತು, ತಾಮ್ರ ಬರೀ ಲೇಪ. ಒತ್ತಿದರೆ ಬಿಳಿ ಗೆರೆ ಎದ್ದು ಅಸಹ್ಯ ಕಾಣುತ್ತದೆ. ಅದಕ್ಕೇ ಹಳೇ ಪೆನ್ನಿಗಳನ್ನು ಆರಿಸಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಒಮ್ಮೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಡಬ್ಬಿ ತೆಗೆಸಿದರು.

"ಇಷ್ಟೊಂದು ಚಿಲ್ಲರೆ ಯಾಕೆ?"

"ಚಪ್ಪಟೆ ಮಾಡೋಕೆ."

ಆತ ನನ್ನ ಮುಖವನ್ನೂ ಡಬ್ಬಿಯನ್ನೂ ಸರದಿಯಲ್ಲಿ ನೋಡಿದ. ಮೋಸದ ಉದ್ದೇಶ ಇಲ್ಲದಿದ್ದರೆ ನಾಣ್ಯ ಒತ್ತುವುದು ಅಮೆರಿಕದಲ್ಲಿ ಅಪರಾಧವಲ್ಲ ಅಂತ ಕಾನೂನು ಹೇಳಲು ಹೋದೆ. ಕಾನೂನು ಶುರು ಮಾಡಿದ ಮೇಲೆ ಚೀಲ ಪೂರ್ತಿ ಬಿಚ್ಚಿಸಿದರು. ಹೆಂಡತಿ ಅಷ್ಟರಲ್ಲಿ ನಮಗೂ ತನಗೂ ಪರಿಚಯವೇ ಇಲ್ಲವೆಂಬಂತೆ ಪಕ್ಕದ ಸಾಲಿಗೆ ಹೋಗಿ ನಿಂತಿದ್ದಳು.

ಇದೆಲ್ಲ ಸಣ್ಣ ವಿಷಯ. ಊರಿನಿಂದ ಅಮ್ಮ ಬಂದಳು.

ಷೋಕೇಸಿನಲ್ಲಿ ನನ್ನ ಚಿಕಾಗೋ ನಾಣ್ಯವಿತ್ತು. ಬೆಲ್ಲದ ಬಣ್ಣ. ಬೆಳಕಿಗೆ ಓರೆಯಾಗಿ ಹಿಡಿದರೆ ಹಿಂಬದಿಯಲ್ಲಿ ಹಳೇ ಪೆನ್ನಿಯ ತಲೆಯ ಚಿತ್ರ ಎಳೆದು ಉದ್ದವಾಗಿ, ಮಸುಕಾಗಿ ಕಾಣುತ್ತಿತ್ತು. ಸಂಗ್ರಹಕಾರರು ಪ್ರಾಣ ಬಿಡುವುದು ಆ ಕಂದು ಬಣ್ಣಕ್ಕೇ. ಹಳೇ ನಾಣ್ಯ ತೊಳೆಯಬಾರದು ಅನ್ನುವುದು ಅವರ ಮೊದಲ ಪಾಠ.

ಸಂಜೆ ಬಂದು ನೋಡಿದರೆ ಅದು ಪೂಜೆಯ ಪಂಚಪಾತ್ರೆಯ ಪಕ್ಕದಲ್ಲಿ ಫಳಫಳ ಹೊಳೆಯುತ್ತಿದೆ.

"ಎಷ್ಟು ಕಿಲುಬು ಹಿಡಿದಿತ್ತು ಕಣೋ! ಹುಣಸೆಹಣ್ಣು ಹಾಕಿ ತಿಕ್ಕಿದೆ" ಅಂದಳು ಅಮ್ಮ. ನೂರಮೂವತ್ತು ವರ್ಷದ ಬಣ್ಣ ಸಿಂಕಿನಲ್ಲಿ ಹರಿದುಹೋಗಿತ್ತು. ಬೈಯೋಣವೆಂದರೆ ಮುಖದಲ್ಲಿ ಅಷ್ಟೊಂದು ಖುಷಿ.

ನಾಣ್ಯ ಕೂಡಿಡುವ ಗೆಳೆಯನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ಉಪ್ಪೂ ಹಾಕಿದ್ರಾ?"

ಮಿಕ್ಕವನ್ನೆಲ್ಲ ಈಗ ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದೇನೆ. ಇವತ್ತು ಬೆಳಗ್ಗೆ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಇನ್ನೂ ಇದ್ರೆ ತಗೊಂಡ್ ಬಾರೋ, ಹುಣಸೆಹಣ್ಣು ಜಾಸ್ತೀನೇ ನೆನೆಹಾಕಿದ್ದೀನಿ!"