ತುಪ್ಪದ ಕೊಳದ ಬತೇರಿ: ಹತ್ತಬೇಕೆ, ಬೇಡವೆ?

ಪರ: ಮೇಲೆ ಹೋಗದೆ ದುರ್ಗ ಅರ್ಥವಾಗದು

ಚಿತ್ರದುರ್ಗದ ಕೋಟೆಗೆ ಬಂದವರಲ್ಲಿ ಬಹಳ ಮಂದಿ ಏಕನಾಥೇಶ್ವರಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಸುತ್ತಿ ಇಳಿದುಬಿಡುತ್ತಾರೆ. ಒಂದೊಂದೂ ನೋಡತಕ್ಕದ್ದೇ. ಆದರೆ ಒಂದಕ್ಕೊಂದು ಹೇಗೆ ಸೇರುತ್ತವೆ ಎಂಬುದು ಮೇಲಿನ ಕಾವಲು ಬುರುಜು, ಅಂದರೆ ತುಪ್ಪದ ಕೊಳದ ಬತೇರಿಯಿಂದ ನೋಡಿದಾಗಲೇ ಗೊತ್ತಾಗುವುದು. ಬಂಡೆ ಇದ್ದ ಕಡೆ ಬಂಡೆಯನ್ನೇ ಗೋಡೆ ಮಾಡಿಕೊಂಡು, ನಡುವಿನ ಸಂದಿಗೆ ಮಾತ್ರ ಕಲ್ಲು ಕಟ್ಟಿದ್ದಾರೆ. ಸುತ್ತುಗಳು ಗುಡ್ಡದ ಮೈಯನ್ನು ಹಿಡಿದುಕೊಂಡೇ ಏರುತ್ತವೆ. ಒಂದು ಕಡೆ ಇಡೀ ಊರು, ಇನ್ನೊಂದು ಕಡೆ ಜೋಗಿಮಟ್ಟಿಯ ಸಾಲು. ಕಾವಲಿನವನ ಕಣ್ಣಿಗೆ ಎಷ್ಟು ದೂರ ಎಟುಕುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಹತ್ತುವುದು ಕಷ್ಟ, ನಿಜ. ಕಡಿದಾದ ಬಂಡೆಯಲ್ಲಿ ಕಾಲೂರಲು ಸಣ್ಣ ಗುಳಿಗಳನ್ನು ಕೊರೆದಿದ್ದಾರೆ. ಪಾದ ಪೂರ್ತಿ ಹಿಡಿಸುವುದಿಲ್ಲ, ಬೆರಳು ಮತ್ತು ಮುಂಗಾಲಷ್ಟೇ. ಚಪ್ಪಲಿ, ತಳ ಸವೆದ ಶೂ ಬೇಡ; ಹಿಡಿತವಿರುವ ರಬ್ಬರ್ ತಳ ಇರಲಿ, ಇಲ್ಲವೆ ಬರಿಗಾಲಾದರೂ ಆದೀತು. ಫೋನು ಜೇಬಿಗೆ, ಚೀಲ ಬೆನ್ನಿಗೆ. ಎರಡು ಕೈಯೂ ಖಾಲಿ ಇರಬೇಕು. ಮೈ ಬಂಡೆಯ ಕಡೆ ಬಾಗಿರಲಿ. ಒಂದು ಕಾಲು ಎತ್ತುವ ಮುನ್ನ ಉಳಿದ ಮೂರು ಹಿಡಿತ ಗಟ್ಟಿಯಾಗಿರಲಿ. ಬಹಳ ಜನ ಎಡವುವುದು ಇಳಿಯುವಾಗ: ಊರಿನ ಕಡೆ ಮುಖ ಮಾಡಿ ಇಳಿಯಲು ಹೋಗಿ ಹಿಮ್ಮಡಿ ಗುಳಿಯಿಂದ ಜಾರುತ್ತದೆ. ಏಣಿ ಇಳಿದ ಹಾಗೆ, ಬಂಡೆಗೆ ಮುಖ ಮಾಡಿ ಹಿಮ್ಮುಖವಾಗಿ ಇಳಿಯಬೇಕು. ಬೆಳಗ್ಗೆ ಕೋಟೆ ಬಾಗಿಲು ತೆರೆದ ಕೂಡಲೇ ನೇರ ಇಲ್ಲಿಗೆ ಬಂದರೆ ಬಂಡೆ ತಣ್ಣಗಿರುತ್ತದೆ, ಜನವೂ ಇರುವುದಿಲ್ಲ. ಹೊಂಡ, ಗುಡಿಗಳನ್ನು ಆಮೇಲೆ ನೋಡಬಹುದು.

ವಿರೋಧ: ನಾಯಕರ ಜಾಣ್ಮೆ ಇರುವುದು ಕೆಳಗೆ

ಮೇಲಿನ ಸಲಹೆಯೆಲ್ಲ ಸರಿಯೇ, ಆದರೆ ಅದು ಗಟ್ಟಿ ಮೊಣಕಾಲಿನವರಿಗೆ, ಒಣಗಿದ ಬಂಡೆಗೆ. ಮಳೆ ಬಿದ್ದ ಮೇಲೆ ಗುಳಿಗಳಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ, ಇದನ್ನು ಯಾರೂ ಹೇಳುವುದಿಲ್ಲ: ಗ್ರಾನೈಟ್ ಸವೆದು ಉದುರಿದ ಹರಳುಮರಳು ಬಂಡೆಯ ಮೇಲೆ ಹರಡಿರುತ್ತದೆ. ಕಾಲಿಟ್ಟರೆ ಅದು ಉರುಳುತ್ತದೆ, ಎಂಥ ಶೂ ಇದ್ದರೂ ಹಿಡಿತ ಸಿಗುವುದಿಲ್ಲ. ರಜಾ ದಿನಗಳಲ್ಲಂತೂ ಹತ್ತುವವರಿಗೂ ಇಳಿಯುವವರಿಗೂ ಅದೇ ಗುಳಿಗಳ ಸಾಲು. ನಡುವೆ ಒಬ್ಬರು ಹೆದರಿ ನಿಂತರೆ ಮೇಲಿನವರೂ ಕೆಳಗಿನವರೂ ಬಂಡೆಗೆ ಅಂಟಿಕೊಂಡು ಕಾಯಬೇಕು. ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತುವುದು ಧೈರ್ಯವಲ್ಲ, ತಪ್ಪು.

ಅಷ್ಟಕ್ಕೂ ಈ ಕೋಟೆಯನ್ನು ಹೈದರಾಲಿಗೆ ಕಬ್ಬಿಣದ ಕಡಲೆ ಮಾಡಿದ್ದು ಎತ್ತರವೊಂದೇ ಅಲ್ಲ. 1779ರವರೆಗೂ ಅವನಿಗೆ ಅದು ದಕ್ಕಲಿಲ್ಲ. ಬಾಗಿಲುಗಳ ಬಳಿ ನಿಂತು ನೋಡಿ: ದಾರಿ ನೇರವಾಗಿ ಬಾಗಿಲಿಗೆ ಬರುವುದೇ ಇಲ್ಲ, ಹಾವಿನಂತೆ ತಿರುಗಿ ಬರುತ್ತದೆ. ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗದು, ದಿಮ್ಮಿ ಹಿಡಿದ ಗುಂಪಿಗೂ ಅಷ್ಟೇ. ತಿರುವಿನಲ್ಲಿ ಸಿಕ್ಕವನ ಮೇಲೆ ಎರಡೂ ಕಡೆಯ ಗೋಡೆಗಳಿಂದ ಏಟು. ಗಾರೆಯಿಲ್ಲದೆ ಕೂಡಿಸಿದ ಗೋಡೆಕಲ್ಲುಗಳ ಸಂದಿಗೆ ಬೆರಳು ತೂರಿಸಿ ನೋಡಿ, ಹೋಗುವುದಿಲ್ಲ.

ನೀರಿನ ಲೆಕ್ಕ ಇನ್ನೂ ಸೊಗಸು. ಮಳೆ ಕಡಿಮೆ ಇರುವ ಸೀಮೆ ಇದು. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ವರ್ಷಗಟ್ಟಲೆ ಮುತ್ತಿಗೆ ತಡೆದುಕೊಳ್ಳುವ ಬಲ ಬಂದದ್ದು ಇದರಿಂದ. ಈ ದಾರಿಯನ್ನು ಬತೇರಿಯಿಂದ ಗುರುತಿಸಬಹುದು, ಆದರೆ ಕೋಡಿಯ ಬಾಯಿ, ಇಳಿಜಾರು, ಕಲ್ಲಿನ ಕಟ್ಟೆ ಕಾಣಬೇಕಾದರೆ ಹೊಂಡದ ದಡದಲ್ಲೇ ನಡೆಯಬೇಕು. ಸಿಡಿಮದ್ದು ಅರೆಯುತ್ತಿದ್ದ ನಾಲ್ಕು ದೊಡ್ಡ ಬೀಸುವ ಕಲ್ಲುಗಳೂ ಕೆಳಗೇ ಇವೆ. ಅವಸರದಲ್ಲಿ ಹೋಗುವವರು ಅವನ್ನು ಒಂದು ಫೋಟೊಗೆ ಮುಗಿಸುತ್ತಾರೆ.

ಅರ್ಧ ದಿನ ಮಾತ್ರ ಕೈಯಲ್ಲಿದ್ದರೆ, ಜೊತೆಯಲ್ಲಿ ವಯಸ್ಸಾದವರಿದ್ದರೆ, ಬತೇರಿ ಬಿಡಿ. ಓಬವ್ವನ ಕಿಂಡಿಯವರೆಗೆ ನಿಧಾನವಾಗಿ ನಡೆದು, ಹೊಂಡದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ.