ಹಸಿರು ಚುಕ್ಕೆ ಇದ್ದದ್ದೆಲ್ಲ ವೀಗನ್ ಅಲ್ಲ

‘ಕಲಬುರಗಿಯ ರೊಟ್ಟಿ ಅಂಗಡಿಗಳ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ವೀಗನ್ (ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲದ ಆಹಾರ); ನಮ್ಮ ತೊಗರಿಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವುದರಿಂದ ಅದು ಸಾವಯವ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಅಂಗಡಿ ನಡೆಸುವವರಾಗಿ ನಾವೇ ಹೇಳುವುದು ಒಳ್ಳೆಯದು.

ಹಸಿರು ಚುಕ್ಕೆಯ ಅರ್ಥ ಸಸ್ಯಾಹಾರ ಎಂದಷ್ಟೇ. ಹಾಲು, ತುಪ್ಪ, ಜೇನಿಗೆ ಅಲ್ಲಿ ಅಡ್ಡಿಯಿಲ್ಲ. ನಾವು ಮಾರುವ ಶೇಂಗಾ ಹೋಳಿಗೆಯನ್ನೇ ನೋಡಿ: ಹೂರಣದಲ್ಲಿ ಶೇಂಗಾ, ಬೆಲ್ಲ, ಎಳ್ಳು. ಹಂಚಿನ ಮೇಲಿರುವಾಗ ಅಂಚಿಗೆ ಒಂದು ಚಮಚ ತುಪ್ಪ ಬಿತ್ತೋ, ವೀಗನ್ ಪಟ್ಟಿಯಿಂದ ಅದು ಹೊರಗೆ. ಚುಕ್ಕೆ ಮಾತ್ರ ಹಸಿರಾಗಿಯೇ ಉಳಿಯುತ್ತದೆ. ವೀಗನ್ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮ ತಂದಿದೆ, ಗುರುತೂ ಬೇರೆ. ಜೋಳದ ರೊಟ್ಟಿಗೆ ಬೇಕಾದದ್ದು ಹಿಟ್ಟು, ಬಿಸಿನೀರು, ಬಡಿಯುವ ಕೈ. ಅಜ್ಜಿಯ ಕಾಲದಿಂದಲೂ ಅದು ವೀಗನ್ನೇ. ಪಾಪ, ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ.

ಇನ್ನು ತೊಗರಿ. 2019ರಲ್ಲಿ ಸಿಕ್ಕ ಜಿಐ ಬೆಳೆದ ನೆಲವನ್ನು ಹೇಳುತ್ತದೆ, ಬೆಳೆಗೆ ಏನು ಸಿಂಪಡಿಸಿದರು ಎಂಬುದನ್ನಲ್ಲ. ಸಾವಯವ ಎಂದು ಮಾರಲು ಕೇಂದ್ರ ಸರ್ಕಾರದ ಎರಡು ಸಾವಯವ ಪ್ರಮಾಣೀಕರಣ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್‌ನ ಪ್ರಮಾಣಪತ್ರ ಬೇಕು. ತಾನು ಬೆಳೆದದ್ದನ್ನು ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತನಿಗೆ ವಿನಾಯಿತಿ ಇದೆ. ನಾವು ಬೇಳೆ ಬೆಳೆಯುವವರಲ್ಲ, ಗಂಜ್ ಮಾರುಕಟ್ಟೆಯಲ್ಲಿ ಕೊಳ್ಳುವವರು; ಆ ಬೇಳೆಗೆ ಇಂಥ ಪ್ರಮಾಣಪತ್ರವಿಲ್ಲ. ಹಾಗಾಗಿ ನಮ್ಮ ಪೊಟ್ಟಣದ ಚೀಟಿಯಲ್ಲಿ ‘ಸಾವಯವ’ ಎಂಬ ಪದವಿಲ್ಲ.